ಎಸ್ಎ-ಎಂಪಿ ಸರ್ವರ್‌ಗೆ ಸಿ ಭಾಷೆಯಲ್ಲಿ ಪ್ಲಗಿನ್: ಹತ್ತಿರದ ‘ಚಿಗರಿ’ ನಿಲ್ದಾಣ ಹುಡುಕುವ ಉದಾಹರಣೆ

ಹಾಸ್ಟೆಲ್ಲಿನ ಲ್ಯಾನ್ ಮೇಲೋ ಕಾಲೇಜು ಫೆಸ್ಟಿನಲ್ಲೋ ಜಿಟಿಎ ಸರಣಿಯ ‘ಸ್ಯಾನ್ ಆಂಡ್ರಿಯಾಸ್’ ಆಟದ ಮಲ್ಟಿಪ್ಲೇಯರ್ (ಎಸ್ಎ-ಎಂಪಿ) ಸರ್ವರ್ ನಡೆಸುವವರು ಆಟದ ನಿಯಮಗಳನ್ನೆಲ್ಲ ಪಾನ್ ಭಾಷೆಯಲ್ಲಿ ಬರೆಯುತ್ತಾರೆ. ಪಾನ್ ಸ್ಕ್ರಿಪ್ಟ್ ಓಡುವುದು ಸರ್ವರ್‌ನೊಳಗಿನ ಎಎಂಎಕ್ಸ್ ಎಂಬ ವರ್ಚುವಲ್ ಯಂತ್ರದಲ್ಲಿ. ಅಲ್ಲಿ ಅರೇಯ ಗಡಿ ದಾಟಿದರೆ ‘ರನ್ ಟೈಮ್ ಎರರ್ 4’ ಎಂದು ಲಾಗಿನಲ್ಲಿ ಒಂದು ಸಾಲು ಬೀಳುತ್ತದೆ, ಆ ಕರೆ ಅಲ್ಲಿಗೆ ನಿಲ್ಲುತ್ತದೆ, ಸರ್ವರ್ ನಡೆಯುತ್ತಲೇ ಇರುತ್ತದೆ. ಸಿಯಲ್ಲಿ ಬರೆದು ಸರ್ವರ್‌ಗೆ ಜೋಡಿಸುವ ಪ್ಲಗಿನ್‌ಗೆ ಈ ರಕ್ಷಣೆ ಇಲ್ಲ. ಅದು ಸರ್ವರ್‌ನದೇ ಪ್ರೊಸೆಸ್ಸಿನಲ್ಲಿ ಕೂತು ಸರ್ವರ್‌ನದೇ ಮೆಮೊರಿ ಮುಟ್ಟುತ್ತದೆ. ಒಂದು ಪಾಯಿಂಟರ್ ತಪ್ಪಿದರೆ ಆಡುತ್ತಿದ್ದ ಅಷ್ಟೂ ಮಂದಿ ಒಮ್ಮೆಗೇ ಹೊರಗೆ.

ಹಾಗಾಗಿ ಮೊದಲ ಪ್ರಶ್ನೆ, ಪ್ಲಗಿನ್ ಬೇಕೇ? ದುಡ್ಡಿನ ಲೆಕ್ಕ, ಮನೆ, ಗಾಡಿ, ಕಮಾಂಡುಗಳು ಇವಕ್ಕೆಲ್ಲ ಪಾನ್ ಸಾಕು. ಎಸ್‌ಕ್ಯೂಲೈಟ್ ಡೇಟಾಬೇಸ್ ಮತ್ತು ಎಚ್‌ಟಿಟಿಪಿ ಕರೆ ಸರ್ವರ್‌ನಲ್ಲೇ ಇವೆ, ಅವಕ್ಕಾಗಿ ಸಿ ಕಡೆ ತಿರುಗುವುದು ದಂಡ. ಸಾವಿರಾರು ಬಿಂದುಗಳ ನಡುವೆ ದಾರಿ ಹುಡುಕುವುದು, ಸಿ ಲೈಬ್ರರಿಯೊಂದನ್ನು ಆಟಕ್ಕೆ ಜೋಡಿಸುವುದು, ನಿಧಾನದ ಕೆಲಸವನ್ನು ಬೇರೆ ಥ್ರೆಡ್‌ಗೆ ಹಾಕುವುದು: ಪ್ಲಗಿನ್ ಬರೆಯಲು ಒಪ್ಪಬಹುದಾದ ಕಾರಣಗಳು ಹೆಚ್ಚುಕಡಿಮೆ ಈ ಮೂರೇ.

ಇಲ್ಲಿನ ಉದಾಹರಣೆ ಚಿಕ್ಕದು. ಆಟದೊಳಗಿನ ಲಾಸ್ ಸಾಂಟೋಸ್ ಊರಿನ ರಸ್ತೆಗಳ ಮೇಲೆ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ (‘ಚಿಗರಿ’ ಹೆಸರಿನ ಬಸ್ ಸೇವೆ) ನಿಲ್ದಾಣಗಳ ಹೆಸರು ಹಚ್ಚಿದ್ದೀರಿ: ಹೊಸೂರು, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ಜುಬಿಲಿ ಸರ್ಕಲ್. ಆಟಗಾರ ಎಲ್ಲಿ ನಿಂತರೂ ಹತ್ತಿರದ ಚಿಗರಿ ನಿಲ್ದಾಣ ಯಾವುದೆಂದು ಪ್ಲಗಿನ್ ಹೇಳಬೇಕು, ಯಾರು ಎಲ್ಲಿ ಇಳಿದರೆಂಬ ದಾಖಲೆ ಡಿಸ್ಕಿಗೆ ಹೋಗಬೇಕು. ಏಳು ನಿಲ್ದಾಣ ಹುಡುಕಲು ಪಾನ್ ಧಾರಾಳವಾಗಿ ಸಾಕು, ನಿಜ. ಆದರೆ ದಶಮಾಂಶ ಸಂಖ್ಯೆ ಒಳಗೆ ಬರುವುದು, ಪಠ್ಯ ಹೊರಗೆ ಹೋಗುವುದು, ಫೈಲು, ಥ್ರೆಡ್, ಮರಳಿ ಕರೆ, ಈ ಐದೂ ಇದರಲ್ಲಿ ಸಿಗುತ್ತವೆ. ಎಡವುವುದು ಈ ಐದರಲ್ಲೇ.

ಫಂಕ್ಷನ್ ಹೆಸರು, ಕಂಪೈಲರ್ ಸೂಚನೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಹೆಡರ್ ಫೈಲಿನಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ, ದೊಡ್ಡಕ್ಷರ ಸಣ್ಣಕ್ಷರ ಸಮೇತ, ನಕಲು ಮಾಡಿ.

ಸಾಮಾನು

ಎಸ್ಎ-ಎಂಪಿ 0.3.7 ಸರ್ವರ್ 32 ಬಿಟ್‌ನದು. ಅದರ ಜಾಗಕ್ಕೆ ಬಂದ ಓಪನ್ ಡಾಟ್ ಎಂಪಿ ಸರ್ವರ್ ಕೂಡ ಹಳೇ ಪ್ಲಗಿನ್‌ಗಳನ್ನು 32 ಬಿಟ್‌ನಲ್ಲೇ ಕೇಳುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳೆಲ್ಲ 64 ಬಿಟ್ ಆದ್ದರಿಂದ ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ಉಬುಂಟು ಅಥವಾ ಡೆಬಿಯನ್‌ನಲ್ಲಿ ‘ಜಿಸಿಸಿ-ಮಲ್ಟಿಲಿಬ್’ ಮತ್ತು ‘ಜಿ++-ಮಲ್ಟಿಲಿಬ್’ ಪ್ಯಾಕೇಜ್ ಹಾಕಿಕೊಳ್ಳಿ. ಸರ್ವರನ್ನೂ ಅದೇ ಯಂತ್ರದಲ್ಲಿ ಓಡಿಸುವುದಾದರೆ ಡಿಪಿಕೆಜಿಗೆ ಐ386 ಆರ್ಕಿಟೆಕ್ಚರ್ ಸೇರಿಸಿ, ಅದರ ಸಿ ಲೈಬ್ರರಿಯನ್ನೂ ತರಿಸಿ.

ಎಸ್‌ಡಿಕೆಯಿಂದ (ಪ್ಲಗಿನ್ ಬರೆಯುವವರಿಗೆಂದು ಇರುವ ಫೈಲುಗಳ ಕಟ್ಟು) ಬೇಕಾದದ್ದು ಸ್ವಲ್ಪವೇ. ‘ಪ್ಲಗಿನ್‌ಕಾಮನ್’ ಹೆಡರ್, ‘ಎಎಂಎಕ್ಸ್’ ಫೋಲ್ಡರಿನ ಹೆಡರ್‌ಗಳು, ಮತ್ತು ‘ಎಎಂಎಕ್ಸ್‌ಪ್ಲಗಿನ್’ ಎಂಬ ಸಿಪಿಪಿ ಫೈಲು. ಈ ಕೊನೆಯದು ಸಿ++ ಹೆಸರಿನಲ್ಲಿದ್ದರೂ ಒಳಗಿರುವುದು ಸರಳ ಕೆಲಸ: ಸರ್ವರ್ ಕೊಡುವ ಫಂಕ್ಷನ್ ಪಾಯಿಂಟರ್‌ಗಳ ಪಟ್ಟಿಯಿಂದ ಬೇಕಾದದ್ದನ್ನು ಎತ್ತಿ ಕರೆಯುವುದು. ಅದನ್ನು ಜಿ++ ಇಂದ ಬೇರೆಯಾಗಿ ಕಂಪೈಲ್ ಮಾಡಿ, ನಿಮ್ಮ ಸಿ ಫೈಲನ್ನು ಜಿಸಿಸಿಯಿಂದ ಮಾಡಿ, ಕೊನೆಗೆ ಎರಡನ್ನೂ ಜಿಸಿಸಿಯಿಂದಲೇ ಲಿಂಕ್ ಮಾಡಿ. ಲಿಂಕ್ ಮಾಡಲು ಜಿ++ ಬಳಸಿದರೆ ಸಿ++ ಲೈಬ್ರರಿಯ ಅವಲಂಬನೆ ಸುಮ್ಮನೆ ಅಂಟಿಕೊಳ್ಳುತ್ತದೆ. ಸರ್ವರ್ ಯಂತ್ರದಲ್ಲಿ ಅದರ 32 ಬಿಟ್ ಪ್ರತಿ ಇಲ್ಲದಿದ್ದರೆ ಪ್ಲಗಿನ್ ಏಳುವುದೇ ಇಲ್ಲ.

ಕಂಪೈಲ್ ಸಾಲಿನಲ್ಲಿ ಇರಲೇಬೇಕಾದವು: ‘-ಎಂ32’, ‘-ಎಫ್‌ಪಿಐಸಿ’, ಲಿಂಕ್ ಮಾಡುವಾಗ ‘-ಶೇರ್ಡ್’, ಹೆಡರ್‌ಗಳಿಗೆ ಇದು ಲಿನಕ್ಸ್ ಎಂದು ತಿಳಿಸುವ ‘-ಡಿ ಲಿನಕ್ಸ್’ (ಹೆಸರು ಪೂರ್ತಿ ದೊಡ್ಡಕ್ಷರ), ಎಚ್ಚರಿಕೆಗಳಿಗೆ ‘-ವಾಲ್’. ಇವುಗಳ ಜೊತೆ ‘-ಎಫ್‌ನೋ-ಸ್ಟ್ರಿಕ್ಟ್-ಏಲಿಯಾಸಿಂಗ್’ ಹಾಕುವುದು ಒಳ್ಳೆಯದು, ಕಾರಣ ದಶಮಾಂಶದ ಮಾತು ಬಂದಾಗ ಹೇಳುತ್ತೇವೆ. ಅಭ್ಯಾಸದ ದಿನಗಳಲ್ಲಿ ‘-ಜಿ’ ಕೂಡ ಇರಲಿ, ಡಿಬಗರ್‌ಗೆ ಸಾಲಿನ ನಂಬರು ಸಿಗುತ್ತದೆ.

ಸರ್ವರ್ ತಟ್ಟುವ ಬಾಗಿಲುಗಳು

ಸರ್ವರ್ ನಿಮ್ಮ ಎಸ್ಓ ಫೈಲನ್ನು (ಲಿಂಕ್ ಆಗಿ ಸಿದ್ಧವಾದ ಪ್ಲಗಿನ್) ತೆರೆದು ಕೆಲವು ನಿಶ್ಚಿತ ಹೆಸರುಗಳನ್ನು ಹುಡುಕುತ್ತದೆ. ಮೊದಲು ‘ಸಪೋರ್ಟ್ಸ್’. ಪ್ಲಗಿನ್ ಏನೇನು ಮಾಡಬಲ್ಲದು ಎಂಬುದನ್ನು ಇದು ಬಿಟ್‌ಗಳಲ್ಲಿ ಹೇಳುತ್ತದೆ. ಆವೃತ್ತಿಯ ಬಿಟ್ ಜೊತೆ, ನೇಟಿವ್ ಫಂಕ್ಷನ್ (ಪಾನ್ ಸ್ಕ್ರಿಪ್ಟ್ ಕರೆಯಬಲ್ಲ ಸಿ ಫಂಕ್ಷನ್) ಕೊಡುತ್ತೇನೆ ಎಂಬುದಕ್ಕೆ ಹೆಕ್ಸ್ 10000, ಟಿಕ್ (ಸರ್ವರ್‌ನ ಪ್ರತಿ ಸುತ್ತಿಗೊಮ್ಮೆ ಬರುವ ಕರೆ) ಬೇಕು ಎಂಬುದಕ್ಕೆ ಹೆಕ್ಸ್ 20000, ಮೂರನ್ನೂ ‘ಆರ್’ ಮಾಡಿ ಹಿಂತಿರುಗಿಸಿ. ಅಂಕಿ ಬರೆಯುವ ಬದಲು ಹೆಡರ್‌ನ ಹೆಸರನ್ನೇ ಬಳಸಿ. ಟಿಕ್ ಬಿಟ್ ಮರೆತರೆ ‘ಪ್ರೊಸೆಸ್‌ಟಿಕ್’ ಎಷ್ಟು ಚೆಂದ ಬರೆದಿದ್ದರೂ ಅದನ್ನು ಯಾರೂ ಕರೆಯುವುದಿಲ್ಲ. ಲಾಗಿನಲ್ಲಿ ಅದರ ಸುಳಿವೂ ಇರುವುದಿಲ್ಲ.

ಆಮೇಲೆ ‘ಲೋಡ್’. ಇದಕ್ಕೆ ಪಾಯಿಂಟರ್‌ಗಳ ಒಂದು ಪಟ್ಟಿ ಬರುತ್ತದೆ. ಸೊನ್ನೆಯ ಮನೆಯಲ್ಲಿ ಲಾಗಿಗೆ ಬರೆಯುವ ‘ಲಾಗ್‌ಪ್ರಿಂಟ್‌ಎಫ್’, ಹೆಕ್ಸ್ 10ನೇ ಮನೆಯಲ್ಲಿ ಎಎಂಎಕ್ಸ್ ಫಂಕ್ಷನ್‌ಗಳ ಕೋಷ್ಟಕ. ಎರಡನ್ನೂ ಜಾಗತಿಕ ಚರಗಳಲ್ಲಿ ಇಟ್ಟುಕೊಳ್ಳಿ. ಎರಡನೆಯದರ ಹೆಸರು ‘ಪಿಎಎಂಎಕ್ಸ್‌ಫಂಕ್ಷನ್ಸ್’ ಎಂದೇ ಇರಬೇಕು, ಎಎಂಎಕ್ಸ್‌ಪ್ಲಗಿನ್ ಫೈಲು ಅದೇ ಹೆಸರನ್ನು ಹುಡುಕುತ್ತದೆ. ಇದನ್ನು ತುಂಬುವ ಮೊದಲು ಯಾವ ಎಎಂಎಕ್ಸ್ ಫಂಕ್ಷನ್ ಕರೆದರೂ ಸರ್ವರ್ ಅಲ್ಲೇ ಬೀಳುತ್ತದೆ. ನಿಲ್ದಾಣಗಳ ಫೈಲು ಓದುವ ಕೆಲಸವೂ ಇಲ್ಲೇ. ಎಲ್ಲ ಸರಿಯಿದ್ದರೆ 1 ಹಿಂತಿರುಗಿಸಿ. ಫೈಲು ಸಿಗದಿದ್ದರೆ ಯಾವ ಹೆಸರಿನ ಫೈಲು ಸಿಗಲಿಲ್ಲವೆಂದು ಲಾಗಿಗೆ ಬರೆದು 0 ಕೊಡಿ. ಅರ್ಧಂಬರ್ಧ ಎದ್ದು ನಿಂತ ಪ್ಲಗಿನ್‌ಗಿಂತ ಏಳದ ಪ್ಲಗಿನ್ ವಾಸಿ.

‘ಎಎಂಎಕ್ಸ್‌ಲೋಡ್’ ಎಂಬುದನ್ನು ಪ್ರತಿ ಸ್ಕ್ರಿಪ್ಟ್ ಏಳುವಾಗಲೂ ಸರ್ವರ್ ಕರೆಯುತ್ತದೆ: ಮುಖ್ಯ ಸ್ಕ್ರಿಪ್ಟಾದ ಗೇಮ್‌ಮೋಡ್‌ಗೆ ಒಮ್ಮೆ, ಜೊತೆಗೆ ಓಡುವ ಒಂದೊಂದು ಫಿಲ್ಟರ್‌ಸ್ಕ್ರಿಪ್ಟ್‌ಗೆ ಒಂದೊಂದು ಸಲ. ಇಲ್ಲಿ ಎರಡು ಕೆಲಸ. ಬಂದ ಎಎಂಎಕ್ಸ್ ಪಾಯಿಂಟರನ್ನು ನಿಮ್ಮ ಪಟ್ಟಿಗೆ ಸೇರಿಸಿ, ನೇಟಿವ್‌ಗಳನ್ನು ‘ಎಎಂಎಕ್ಸ್ ರಿಜಿಸ್ಟರ್’ ಮೂಲಕ ನೋಂದಾಯಿಸಿ. ನೋಂದಾಯಿಸುವ ಪಟ್ಟಿಯಲ್ಲಿ ಹೆಸರು ಮತ್ತು ಫಂಕ್ಷನ್ ಜೋಡಿಗಳಿರುತ್ತವೆ, ಕೊನೆಯಲ್ಲಿ ಸೊನ್ನೆ-ಸೊನ್ನೆ ಜೋಡಿ ಇರಲೇಬೇಕು. ಎಣಿಕೆಯ ಜಾಗದಲ್ಲಿ -1 ಕೊಟ್ಟಾಗ ಆ ಸೊನ್ನೆ ಕಾಣುವವರೆಗೂ ಅದು ಓದುತ್ತಾ ಹೋಗುತ್ತದೆ. ಸೊನ್ನೆ ಇಲ್ಲದಿದ್ದರೆ ಪಟ್ಟಿಯ ಆಚೆಗಿನ ಕಸವನ್ನೂ ಹೆಸರೆಂದು ತಿಳಿದು ಓದುತ್ತದೆ. ನೇಟಿವ್‌ನ ಹೆಸರು 31 ಅಕ್ಷರ ಮೀರಬಾರದು, ಪಾನ್ ಕಂಪೈಲರ್‌ನ ಮಿತಿ ಅದು. ಹೆಸರಿನ ಮುಂದೆ ‘ಚಿಗರಿ’ ಎಂಬ ಪೂರ್ವಪದ ಇಟ್ಟರೆ ಬೇರೆ ಪ್ಲಗಿನ್‌ನ ಹೆಸರಿಗೆ ತಾಗುವುದಿಲ್ಲ.

‘ಎಎಂಎಕ್ಸ್‌ಅನ್‌ಲೋಡ್’ ಬಂದಾಗ ಆ ಪಾಯಿಂಟರನ್ನು ಪಟ್ಟಿಯಿಂದ ತೆಗೆಯಿರಿ. ‘ಅನ್‌ಲೋಡ್’ನಲ್ಲಿ ಮೆಮೊರಿ ಬಿಡಿ, ಥ್ರೆಡ್ ನಿಲ್ಲಿಸಿ.

ವಿಂಡೋಸ್‌ನಲ್ಲಿ ಒಂದು ಹೆಚ್ಚಿನ ಕೆಲಸವಿದೆ. ಅಲ್ಲಿ ಈ ಬಾಗಿಲುಗಳು ಎಸ್‌ಟಿಡಿ-ಕಾಲ್ ರೀತಿಯವಾದ್ದರಿಂದ ಕಂಪೈಲರ್ ಹೆಸರಿನ ಶುರುವಿಗೆ ಅಡಿಗೆರೆ, ಕೊನೆಗೆ ಬೈಟ್ ಎಣಿಕೆ ಅಂಟಿಸುತ್ತದೆ. ‘ಲೋಡ್’ ಹುಡುಕಿ ಬಂದ ಸರ್ವರ್‌ಗೆ ‘ಲೋಡ್’ ಸಿಗುವುದಿಲ್ಲ. ಬಾಗಿಲುಗಳ ಹೆಸರನ್ನು ಸಾಲಾಗಿ ಬರೆದ ಒಂದು ಡೆಫ್ ಫೈಲನ್ನು ಲಿಂಕರ್‌ಗೆ ಕೊಟ್ಟರೆ ಹೆಸರು ಬರಿದಾಗಿ ಹೊರಬರುತ್ತದೆ.

ನಿಲ್ದಾಣಗಳ ಫೈಲು

ಒಂದು ಸಾಲಿಗೆ ಒಂದು ನಿಲ್ದಾಣ: ಹೆಸರು, ಅರ್ಧವಿರಾಮ, ಎಕ್ಸ್, ಅರ್ಧವಿರಾಮ, ವೈ, ಅರ್ಧವಿರಾಮ, ಝಡ್. ‘ಉಣಕಲ್;1480.5;-1720.0;13.4’ ಎಂಬಂತೆ. ಬಿಡುವಿನ ಜಾಗದಲ್ಲಿ ಒಡೆಯಲು ಹೋಗಬೇಡಿ, ‘ಜುಬಿಲಿ ಸರ್ಕಲ್’ ಎರಡಾಗುತ್ತದೆ. ಸ್ಯಾನ್ ಆಂಡ್ರಿಯಾಸ್ ನಕ್ಷೆ ಎರಡೂ ದಿಕ್ಕಿನಲ್ಲಿ -3000 ರಿಂದ 3000 ರವರೆಗೆ ಹರಡಿದೆ. ಆಚೆಗಿನ ಸಂಖ್ಯೆ ಬಂದರೆ ಸಾಲಿನ ನಂಬರು ಲಾಗಿಗೆ ಬರೆದು ಆ ಸಾಲು ಬಿಟ್ಟುಬಿಡಿ.

ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಗುತ್ತದೆ. ಬೇಸರದ ಸಂಗತಿ, ಆದರೆ ಆಟದ ಚಾಟ್ ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಹಳೆಯ ಕೋಡ್‌ಪೇಜ್ ಲೆಕ್ಕದಲ್ಲಿ ನಡೆಯುತ್ತದೆ, ವಿಂಡೋಸ್‌ನಲ್ಲಿ ಕನ್ನಡಕ್ಕೆ ಆಟ ಬಳಸಬಲ್ಲ ಅಂಥ ಕೋಡ್‌ಪೇಜ್ ಇಲ್ಲ. ಕನ್ನಡದ ಒಂದೊಂದು ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. ‘ಉಣಕಲ್’ನ ಐದು ಸಂಕೇತಗಳು 15 ಬೈಟ್ ಆಗಿ, ಪರದೆ ಮೇಲೆ 15 ಚಿತ್ರವಿಚಿತ್ರ ಗುರುತುಗಳಾಗುತ್ತವೆ.

ನೋಟ್‌ಪ್ಯಾಡ್‌ನಲ್ಲಿ ತಿದ್ದಿದ ಫೈಲಿನಲ್ಲಿ ಸಾಲಿನ ತುದಿಗೆ ಕ್ಯಾರೇಜ್ ರಿಟರ್ನ್ ಉಳಿದಿರಬಹುದು. ಕೊನೆಯ ಕಲಂ ಸಂಖ್ಯೆಯಾದ್ದರಿಂದ ‘ಎಸ್‌ಟಿಆರ್‌ಟುಎಫ್’ ಅಲ್ಲಿಗೆ ನಿಲ್ಲುತ್ತದೆ, ತೊಂದರೆಯಿಲ್ಲ. ಮುಂದೆ ಹೆಸರನ್ನು ಕೊನೆಯ ಕಲಂಗೆ ಸರಿಸಿದ ದಿನ ಅದು ಹೆಸರಿನ ಬಾಲವಾಗುತ್ತದೆ, ಹೋಲಿಕೆಗಳೆಲ್ಲ ಸುಳ್ಳಾಗುತ್ತವೆ. ಈಗಲೇ ಕತ್ತರಿಸುವುದು ಜಾಣತನ.

ದಾರಿಯ ವಿಷಯದಲ್ಲೂ ಗೊಂದಲವಾಗುತ್ತದೆ. ಪಾನ್‌ನ ಎಫ್‌ಓಪನ್ ‘ಸ್ಕ್ರಿಪ್ಟ್‌ಫೈಲ್ಸ್’ ಫೋಲ್ಡರಿನಿಂದ ಹೊರಡುತ್ತದೆ. ಸಿ ಭಾಷೆಯ ಎಫ್‌ಓಪನ್ ಸರ್ವರನ್ನು ಯಾವ ಫೋಲ್ಡರಿನಲ್ಲಿ ನಿಂತು ಶುರುಮಾಡಿದಿರೋ ಅಲ್ಲಿಂದ. ಹಾಗಾಗಿ ಸಿಯಲ್ಲಿ ‘ಸ್ಕ್ರಿಪ್ಟ್‌ಫೈಲ್ಸ್’ ಎಂಬುದನ್ನೂ ಸೇರಿಸಿ ದಾರಿ ಬರೆಯಿರಿ. ಸಿಸ್ಟಮ್‌ಡಿ ಸೇವೆಯಾಗಿ ಓಡಿಸುವವರು ‘ವರ್ಕಿಂಗ್ ಡೈರೆಕ್ಟರಿ’ ಸಾಲನ್ನು ಕೊಡದಿದ್ದರೆ ಕೈಯಾರೆ ಶುರುಮಾಡಿದಾಗ ಓಡುವ ಪ್ಲಗಿನ್ ಬೂಟ್ ಆದಾಗ ಓಡುವುದಿಲ್ಲ.

ನೇಟಿವ್ ಫಂಕ್ಷನ್

ಪಾನ್ ಕಡೆಯ ಘೋಷಣೆ ಹೀಗಿರಲಿ: ‘ಚಿಗರಿನಿಯರೆಸ್ಟ್’ ಎಂಬ ನೇಟಿವ್, ಫ್ಲೋಟ್ ಟ್ಯಾಗ್ ಇರುವ ಎಕ್ಸ್, ವೈ, ಝಡ್, ಹೆಸರು ತುಂಬಲು ಒಂದು ಅರೇ, ಐದನೆಯದು ಆ ಅರೇಯ ಅಳತೆ, ಡೀಫಾಲ್ಟ್ ಬೆಲೆಯಾಗಿ ‘ಸೈಜ್‌ಆಫ್’. ಇದನ್ನು ‘ಚಿಗರಿ’ ಹೆಸರಿನ ಇಂಕ್ ಫೈಲಿನಲ್ಲಿಟ್ಟು (ಪಾನ್‌ನ ಹೆಡರ್ ಫೈಲು) ಸ್ಕ್ರಿಪ್ಟಿನಲ್ಲಿ ಇನ್‌ಕ್ಲೂಡ್ ಮಾಡಿ. ಆಟಗಾರನ ಸ್ಥಾನವನ್ನು ಪ್ಲಗಿನ್ ತಾನೇ ಕೇಳಲು ಹೋಗುವ ಅಗತ್ಯವಿಲ್ಲ. ಸ್ಕ್ರಿಪ್ಟ್ ‘ಗೆಟ್‌ಪ್ಲೇಯರ್‌ಪಾಸ್’ ಕರೆದು ಮೂರು ಸಂಖ್ಯೆ ಕೈಗೆ ಕೊಡಲಿ. ಪ್ಲಗಿನ್‌ಗೆ ಆಟದ ಬಗ್ಗೆ ಎಷ್ಟು ಕಡಿಮೆ ಗೊತ್ತಿರುತ್ತದೋ ಅಷ್ಟು ಕಾಲ ಅದು ಬಾಳುತ್ತದೆ. ಸರ್ವರ್‌ನ ಒಳವಿಳಾಸಗಳನ್ನು ಕೆದಕುತ್ತಿದ್ದ ಹಳೆಯ ಪ್ಲಗಿನ್‌ಗಳು ಓಪನ್ ಡಾಟ್ ಎಂಪಿ ಬಂದಾಗ ಓಡದೇ ಹೋದವು. ಅಂಕಿ ಪಡೆದು ಅಂಕಿ ಕೊಡುತ್ತಿದ್ದವು ಹಾಗೇ ಓಡಿದವು.

ಸಿ ಕಡೆ ಫಂಕ್ಷನ್‌ಗೆ ಬರುವುದು ಎರಡೇ: ಯಾವ ಸ್ಕ್ರಿಪ್ಟ್ ಕರೆಯಿತು ಎಂಬ ಎಎಂಎಕ್ಸ್ ಪಾಯಿಂಟರ್, ಮತ್ತು ‘ಪ್ಯಾರಮ್ಸ್’ ಎಂಬ ಸೆಲ್‌ಗಳ ಸಾಲು. ಸೆಲ್ ಅಂದರೆ 32 ಬಿಟ್‌ನ ಒಂದು ಪೂರ್ಣಾಂಕ. ಸಾಲಿನ ಸೊನ್ನೆಯ ಮನೆಯಲ್ಲಿರುವುದು ಆರ್ಗ್ಯುಮೆಂಟ್‌ಗಳ ಎಣಿಕೆಯಲ್ಲ, ಅವು ಹಿಡಿದ ಬೈಟ್‌ಗಳ ಎಣಿಕೆ. ನಮಗೆ ಐದು ಆರ್ಗ್ಯುಮೆಂಟ್, ತಲಾ 4 ಬೈಟ್, ಒಟ್ಟು 20. ಫಂಕ್ಷನ್‌ನ ಮೊದಲ ಸಾಲೇ ಇದರ ಪರೀಕ್ಷೆಯಾಗಿರಲಿ. 20 ಅಲ್ಲದಿದ್ದರೆ ಲಾಗಿಗೆ ಬರೆದು -1 ಕೊಟ್ಟು ಹೊರಬನ್ನಿ. ಹಳೆಯ ಇಂಕ್ ಫೈಲು ಇಟ್ಟುಕೊಂಡು ಹೊಸ ಪ್ಲಗಿನ್ ಹಾಕಿದ ಗೆಳೆಯರಿಂದ ಈ ಒಂದು ಸಾಲು ಕಾಪಾಡುತ್ತದೆ.

ಈಗ ದಶಮಾಂಶ. ಎಕ್ಸ್‌ನ ಬೆಲೆ ಸೆಲ್‌ನಲ್ಲಿ ಫ್ಲೋಟ್‌ನ ಬಿಟ್‌ಗಳಾಗಿಯೇ ಕೂತಿರುತ್ತದೆ. ಅದನ್ನು ಸಾಮಾನ್ಯ ಕಾಸ್ಟ್ ಮಾಡಿ ಫ್ಲೋಟ್ ಆಗಿಸಿದರೆ 1.0 ಎಂಬುದು 1065353216 ಆಗಿ ಕಾಣುತ್ತದೆ. ಲಾಗಿನಲ್ಲಿ ನೂರು ಕೋಟಿ ದಾಟಿದ ಇಂಥ ಸಂಖ್ಯೆ ಕಂಡರೆ ಬೇರೇನೂ ಹುಡುಕಬೇಡಿ, ಎಲ್ಲೋ ಫ್ಲೋಟನ್ನು ಪೂರ್ಣಾಂಕವೆಂದು ಓದಿದ್ದೀರಿ. ಎಸ್‌ಡಿಕೆಯಲ್ಲಿ ‘ಎಎಂಎಕ್ಸ್ ಸಿಟುಎಫ್’ ಮತ್ತು ‘ಎಎಂಎಕ್ಸ್ ಎಫ್‌ಟುಸಿ’ ಎಂಬ ಮ್ಯಾಕ್ರೋಗಳಿವೆ. ಅವು ಒಳಗೆ ಮಾಡುವುದು ಪಾಯಿಂಟರ್ ಕಾಸ್ಟ್. ಒಂದೇ ಜಾಗವನ್ನು ಎರಡು ಟೈಪ್ ಆಗಿ ಓದಬಾರದೆಂಬ ಸಿ ಭಾಷೆಯ ಏಲಿಯಾಸಿಂಗ್ ನಿಯಮಕ್ಕೆ ಅದು ಒಪ್ಪುವುದಿಲ್ಲ, ‘-ಓ2’ ಹಾಕಿದಾಗ ಕಂಪೈಲರ್ ಹಳೆಯ ಬೆಲೆಯನ್ನೇ ಹಿಡಿದು ಕೂರಬಹುದು. ಮೇಲೆ ಹೇಳಿದ ಸೂಚನೆ ಅದಕ್ಕಾಗಿಯೇ. ಇನ್ನೂ ಸ್ವಚ್ಛ ದಾರಿ 4 ಬೈಟ್‌ಗಳ ‘ಮೆಮ್‌ಕಾಪಿ’. ಕಂಪೈಲರ್ ಅದನ್ನು ಒಂದೇ ಸೂಚನೆಗೆ ಇಳಿಸುತ್ತದೆ, ನಿಧಾನವೇನೂ ಆಗುವುದಿಲ್ಲ. ಈ ಮ್ಯಾಕ್ರೋಗಳಿಗೆ ಚರವನ್ನೇ ಕೊಡಬೇಕು. ‘ಎ+ಬಿ’ಯಂಥ ಲೆಕ್ಕ ಕೊಟ್ಟರೆ ವಿಳಾಸ ಎಲ್ಲಿಂದ ತರಲಿ ಎಂದು ಕಂಪೈಲರ್ ತಕರಾರು ಮಾಡುತ್ತದೆ.

ಹುಡುಕಾಟ ಸುಲಭ. ಕನಿಷ್ಠ ದೂರವನ್ನು ‘ಫ್ಲೋಟ್ ಮ್ಯಾಕ್ಸ್’ನಿಂದ ಶುರುಮಾಡಿ, ಒಂದೊಂದು ನಿಲ್ದಾಣಕ್ಕೂ ವ್ಯತ್ಯಾಸಗಳ ವರ್ಗ ಕೂಡಿಸಿ ಹೋಲಿಸಿ. ವರ್ಗಮೂಲ ಬೇಡ, ಯಾವುದು ಹತ್ತಿರ ಎಂಬುದಕ್ಕೆ ವರ್ಗವೇ ಸಾಕು.

ಪಠ್ಯ ಹಿಂದಿರುಗಿಸುವ ಜಾಗದಲ್ಲಿ ನಿಧಾನ ಮಾಡಿ. ನಾಲ್ಕನೇ ಪ್ಯಾರಮ್‌ನಲ್ಲಿರುವುದು ಸಿ ಪಾಯಿಂಟರ್ ಅಲ್ಲ, ಸ್ಕ್ರಿಪ್ಟಿನ ಮೆಮೊರಿಯೊಳಗಿನ ವಿಳಾಸ. ‘ಎಎಂಎಕ್ಸ್ ಗೆಟ್‌ಅಡ್ರ್’ ಅದನ್ನು ನಿಜವಾದ ಪಾಯಿಂಟರ್ ಆಗಿ ಬದಲಿಸುತ್ತದೆ. ಅದು ಕೊಡುವ ಎರರ್ ಕೋಡ್ ಸೊನ್ನೆಯೇ ಎಂದು ನೋಡಿ ಮುಂದುವರಿಯಿರಿ. ಆಮೇಲೆ ‘ಎಎಂಎಕ್ಸ್ ಸೆಟ್‌ಸ್ಟ್ರಿಂಗ್’: ಗುರಿ, ಪಠ್ಯ, ಪ್ಯಾಕ್ ಬೇಡ ಎನ್ನಲು 0, ವೈಡ್ ಅಕ್ಷರ ಬೇಡ ಎನ್ನಲು 0, ಕೊನೆಗೆ ಐದನೇ ಪ್ಯಾರಮ್‌ನ ಅಳತೆ. ಪ್ಯಾಕ್ ಆಗದ ಪಾನ್ ಪಠ್ಯದಲ್ಲಿ ಒಂದು ಅಕ್ಷರಕ್ಕೆ ಒಂದು ಸೆಲ್, ಅಂದರೆ 4 ಬೈಟ್. ಹಾಗಾಗಿ ಆ ಪಾಯಿಂಟರ್ ಮೇಲೆ ‘ಎಸ್‌ಟಿಆರ್‌ಕಾಪಿ’ ಮಾಡಿದರೆ ನಾಲ್ಕು ಅಕ್ಷರ ಒಂದೇ ಸೆಲ್‌ಗೆ ತುರುಕಿ ಸ್ಕ್ರಿಪ್ಟ್‌ಗೆ ಅರ್ಥವಾಗದ ಗುಡ್ಡೆಯಾಗುತ್ತದೆ. ಅಳತೆಯನ್ನು 128 ಎಂದು ನೀವೇ ಬರೆದುಬಿಟ್ಟರೆ, ಸ್ಕ್ರಿಪ್ಟ್‌ನವರು 16ರ ಅರೇ ಕೊಟ್ಟ ದಿನ ಅದರ ಪಕ್ಕದ ಚರಗಳು ಅಳಿಸಿಹೋಗುತ್ತವೆ. ಬೀಳುವುದು ಆ ಕ್ಷಣವಲ್ಲ, ಹತ್ತು ನಿಮಿಷದ ಮೇಲೆ ಇನ್ನೆಲ್ಲೋ ಬೀಳುತ್ತದೆ. ಹಿಡಿಯಲು ಅತಿ ಕಷ್ಟದ ತಪ್ಪು ಇದೇ.

ಪಠ್ಯ ಒಳಗೆ ಬರುವಾಗ ಮತ್ತೊಂದು ಗುಂಡಿ. ‘ಎಎಂಎಕ್ಸ್ ಸ್ಟ್ರ್‌ಪ್ಯಾರಮ್’ ಮ್ಯಾಕ್ರೋ ಒಂದೇ ಸಾಲಿನಲ್ಲಿ ಸಿ ಪಠ್ಯ ಕೊಡುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬಳಸುತ್ತಾರೆ. ಸ್ಕ್ರಿಪ್ಟ್ ಖಾಲಿ ಪಠ್ಯ ಕಳಿಸಿದರೆ ಅದು ಖಾಲಿ ಪಠ್ಯ ಕೊಡುವುದಿಲ್ಲ, ನಲ್ ಕೊಡುತ್ತದೆ. ಅದರ ಮೇಲೆ ‘ಎಸ್‌ಟಿಆರ್‌ಲೆನ್’ ಕರೆದರೆ ಸರ್ವರ್ ಸತ್ತಂತೆ. ಯಾರೋ ಕಮಾಂಡ್ ಹೊಡೆದು ಹೆಸರು ಬರೆಯದೆ ಎಂಟರ್ ಒತ್ತಿದರೆ ಸಾಕು. ಅಲ್ಲದೆ ಅದು ಸ್ಟ್ಯಾಕ್‌ನಲ್ಲೇ ಜಾಗ ಹಿಡಿಯುತ್ತದೆ, ಫಂಕ್ಷನ್ ಮುಗಿಯುವವರೆಗೂ ಆ ಜಾಗ ಬಿಡುವುದಿಲ್ಲ, ಲೂಪಿನೊಳಗೆ ಬಳಸಲೇಬೇಡಿ. ಸ್ವಲ್ಪ ಉದ್ದವಾದರೂ ‘ಗೆಟ್‌ಅಡ್ರ್’, ‘ಸ್ಟ್ರ್‌ಲೆನ್’, ಉದ್ದಕ್ಕಿಂತ ಒಂದು ಹೆಚ್ಚು ಬೈಟ್‌ನ ‘ಮ್ಯಾಲಾಕ್’, ‘ಗೆಟ್‌ಸ್ಟ್ರಿಂಗ್’, ಕೊನೆಗೆ ‘ಫ್ರೀ’ ಎಂಬ ಕ್ರಮವೇ ಸರಿ. ಬಂದ ಉದ್ದಕ್ಕೆ ನೀವೇ ಒಂದು ಮಿತಿ ಹಾಕಿ, ನಿಲ್ದಾಣದ ಹೆಸರಿಗೆ 31 ಅಕ್ಷರ ಧಾರಾಳ.

‘ಗೆಟ್‌ಅಡ್ರ್’ ಕೊಟ್ಟ ಪಾಯಿಂಟರನ್ನು ಆ ಕರೆ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ಸ್ಕ್ರಿಪ್ಟಿನ ಲೋಕಲ್ ಅರೇ ಅದರ ಸ್ಟ್ಯಾಕ್ ಮೇಲಿರುತ್ತದೆ, ಕರೆ ಮುಗಿದೊಡನೆ ಆ ಜಾಗ ಬೇರೆಯವರ ಪಾಲು. ಬೇಕಾದದ್ದನ್ನು ನಕಲು ಮಾಡಿಕೊಳ್ಳಿ.

ದಾಖಲೆ ಬರೆಯುವ ಥ್ರೆಡ್

ಯಾರು ಎಲ್ಲಿ ಇಳಿದರೆಂಬುದನ್ನು ಫೈಲಿಗೆ ಬರೆಯುವುದು ಸುಲಭ, ಅದು ಡಿಸ್ಕಿನ ಮೇಲೆ ನಿಜವಾಗಿ ಕೂತಿತೇ ಎಂಬುದು ಬೇರೆ ಮಾತು. ಮಳೆಗಾಲದ ಸಂಜೆ ಹೆಸ್ಕಾಂ ಕರೆಂಟ್ ಹೋದಾಗ, ಯುಪಿಎಸ್ ಇಲ್ಲದ ಯಂತ್ರದಲ್ಲಿ ಕೊನೆಯ ಕೆಲವು ಸೆಕೆಂಡುಗಳ ಬರಹ ಮೆಮೊರಿಯಲ್ಲೇ ಉಳಿದು ಮಾಯವಾಗುತ್ತದೆ. ‘ಎಫ್‌ಫ್ಲಶ್’ ಬರಹವನ್ನು ಕರ್ನಲ್‌ವರೆಗೆ ಮಾತ್ರ ತಲುಪಿಸುತ್ತದೆ. ಡಿಸ್ಕ್ ಮುಟ್ಟಿಸಲು ‘ಎಫ್‌ಸಿಂಕ್’ ಬೇಕು. ತಿರುಗುವ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಎಫ್‌ಸಿಂಕ್ ಹತ್ತಾರು ಮಿಲಿಸೆಕೆಂಡ್ ತಿನ್ನುತ್ತದೆ. ಸ್ಕ್ರಿಪ್ಟ್‌ಗಳೂ ಟಿಕ್‌ಗಳೂ ಓಡುವುದು ಒಂದೇ ಮುಖ್ಯ ಥ್ರೆಡ್‌ನಲ್ಲಿ, ಎರಡು ಸುತ್ತಿನ ನಡುವಿನ ವಿರಾಮ ‘ಸ್ಲೀಪ್’ ಸಾಲಿನ ಡೀಫಾಲ್ಟ್ ಪ್ರಕಾರ 5 ಮಿಲಿಸೆಕೆಂಡ್. ಅಲ್ಲಿ ಎಫ್‌ಸಿಂಕ್ ಮಾಡಿದರೆ ಎಲ್ಲರ ಗಾಡಿಗಳೂ ಒಮ್ಮೆ ಜರ್ಕ್ ಹೊಡೆಯುತ್ತವೆ. ಹಾಗಾಗಿ ಈ ಕೆಲಸಕ್ಕೆ ಬೇರೆ ಥ್ರೆಡ್.

ನಿಯಮ ಒಂದೇ, ವಿನಾಯಿತಿ ಇಲ್ಲ: ಎರಡನೇ ಥ್ರೆಡ್ ಯಾವ ಎಎಂಎಕ್ಸ್ ಫಂಕ್ಷನ್ನನ್ನೂ ಮುಟ್ಟಬಾರದು. ವರ್ಚುವಲ್ ಯಂತ್ರಕ್ಕೆ ಬೀಗ ಇಲ್ಲ. ‘ಲಾಗ್‌ಪ್ರಿಂಟ್‌ಎಫ್’ ಅನ್ನೂ ಮುಖ್ಯ ಥ್ರೆಡ್‌ಗೇ ಬಿಡಿ. ಎರಡು ಸರದಿ ಸಾಲುಗಳನ್ನು (ಕ್ಯೂ) ಇಟ್ಟುಕೊಳ್ಳಿ, ಒಂದು ಮಾಡಬೇಕಾದ ಕೆಲಸಗಳದ್ದು, ಇನ್ನೊಂದು ಮುಗಿದ ಕೆಲಸಗಳದ್ದು. ಎರಡಕ್ಕೂ ಒಂದೊಂದು ಪಿಥ್ರೆಡ್ ಮ್ಯೂಟೆಕ್ಸ್ (ಬೀಗ), ಮೊದಲನೆಯದಕ್ಕೆ ಜೊತೆಗೊಂದು, ಮಲಗಿದ ಥ್ರೆಡ್ಡನ್ನು ಎಬ್ಬಿಸುವ ಕಂಡಿಷನ್ ವೇರಿಯೇಬಲ್. ನೇಟಿವ್ ಕೆಲಸವನ್ನು ಸಾಲಿಗೆ ಹಾಕಿ ಕೂಡಲೇ ಮರಳುತ್ತದೆ. ಕೆಲಸದ ಥ್ರೆಡ್ ಎತ್ತಿಕೊಂಡು ಬರೆದು, ಎಫ್‌ಸಿಂಕ್ ಮಾಡಿ, ಮುಗಿದ ಸಾಲಿಗೆ ಹಾಕುತ್ತದೆ. ಬೀಗ ಹಿಡಿದುಕೊಂಡೇ ಎಫ್‌ಸಿಂಕ್ ಮಾಡಿದರೆ ಮುಖ್ಯ ಥ್ರೆಡ್ ಬೀಗಕ್ಕಾಗಿ ಕಾಯುತ್ತದೆ, ಬೇರೆ ಥ್ರೆಡ್ ಮಾಡಿದ್ದೇ ವ್ಯರ್ಥ. ಕೆಲಸವನ್ನು ನಕಲು ಮಾಡಿಕೊಂಡು, ಬೀಗ ಬಿಟ್ಟು, ಆಮೇಲೆ ಡಿಸ್ಕಿಗೆ ಹೋಗಿ.

ಮುಗಿದ ಸಾಲನ್ನು ‘ಪ್ರೊಸೆಸ್‌ಟಿಕ್’ನಲ್ಲಿ ಖಾಲಿ ಮಾಡಿ. ಒಂದು ಟಿಕ್‌ಗೆ ಇಷ್ಟೇ ಎಂದು ಮಿತಿ ಇರಲಿ, 16 ಸಾಕು.

ಸ್ಕ್ರಿಪ್ಟ್‌ಗೆ ಸುದ್ದಿ ಮುಟ್ಟಿಸುವುದು

ಬರೆದು ಮುಗಿಯಿತೆಂದು ಸ್ಕ್ರಿಪ್ಟ್‌ಗೆ ತಿಳಿಸಲು ‘ಆನ್‌ಚಿಗರಿಸೇವ್ಡ್’ ಎಂಬ ಪಬ್ಲಿಕ್ ಫಂಕ್ಷನ್ ಕರೆಯೋಣ. ಅದಕ್ಕೆ ಆಟಗಾರನ ನಂಬರು, ನಿಲ್ದಾಣದ ನಂಬರು, ನಿಲ್ದಾಣದ ಹೆಸರು. ಕೆಲಸದಲ್ಲಿ ಎಎಂಎಕ್ಸ್ ಪಾಯಿಂಟರ್ ಇಟ್ಟಿದ್ದೀರಾದರೆ, ಅದು ಇನ್ನೂ ನಿಮ್ಮ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಕೆಲಸ ಕೊಟ್ಟ ಫಿಲ್ಟರ್‌ಸ್ಕ್ರಿಪ್ಟನ್ನು ಅಷ್ಟರಲ್ಲಿ ಯಾರೋ ಇಳಿಸಿರಬಹುದು. ಆಮೇಲೆ ‘ಎಎಂಎಕ್ಸ್ ಫೈಂಡ್‌ಪಬ್ಲಿಕ್’. ಅದು ಸೊನ್ನೆ ಕೊಡದಿದ್ದರೆ ಆ ಸ್ಕ್ರಿಪ್ಟಿನಲ್ಲಿ ಈ ಫಂಕ್ಷನ್ ಇಲ್ಲ ಎಂದಷ್ಟೇ ಅರ್ಥ, ಗದ್ದಲ ಮಾಡದೆ ಬಿಡಿ.

ಆರ್ಗ್ಯುಮೆಂಟ್‌ಗಳನ್ನು ಹಿಂದಿನಿಂದ ಮುಂದಕ್ಕೆ ತಳ್ಳಬೇಕು: ಮೊದಲು ಹೆಸರು ‘ಪುಶ್‌ಸ್ಟ್ರಿಂಗ್’ನಿಂದ, ಆಮೇಲೆ ನಿಲ್ದಾಣದ ನಂಬರು, ಕೊನೆಗೆ ಆಟಗಾರ. ಮೂರೂ ಆದ ಮೇಲೆ ‘ಎಎಂಎಕ್ಸ್ ಎಕ್ಸೆಕ್’. ಒಂದೊಂದು ತಳ್ಳಿಕೆಯೂ ಒಳಗಿನ ಎಣಿಕೆಯನ್ನು ಏರಿಸುತ್ತದೆ, ಎಕ್ಸೆಕ್ ಮಾತ್ರ ಅದನ್ನು ಸೊನ್ನೆಗೆ ಇಳಿಸುತ್ತದೆ. ಎರಡು ತಳ್ಳಿ, ನಡುವೆ ಏನೋ ಪರೀಕ್ಷೆ ಹಾಕಿ ರಿಟರ್ನ್ ಆದರೆ ಮುಂದಿನ ಯಾವುದೋ ಕರೆಗೆ ಆ ಎರಡು ಹೆಚ್ಚುವರಿಯಾಗಿ ಅಂಟುತ್ತವೆ. ಪರೀಕ್ಷೆಗಳೆಲ್ಲ ಮೊದಲೇ ಮುಗಿದಿರಲಿ.

ಎಕ್ಸೆಕ್ ಆದೊಡನೆ ‘ಎಎಂಎಕ್ಸ್ ರಿಲೀಸ್’. ಪುಶ್‌ಸ್ಟ್ರಿಂಗ್ ಸ್ಕ್ರಿಪ್ಟಿನ ಹೀಪ್‌ನಲ್ಲಿ ಜಾಗ ಹಿಡಿದಿರುತ್ತದೆ. ಬಿಡದಿದ್ದರೆ ಪ್ರತಿ ಕರೆಗೂ ಚೂರುಚೂರು ಸೋರಿ, ಕೊನೆಗೆ ಹೀಪ್ ಹೋಗಿ ಸ್ಟ್ಯಾಕ್‌ಗೆ ತಾಗುತ್ತದೆ, ‘ರನ್ ಟೈಮ್ ಎರರ್ 3’ ಬರುತ್ತದೆ. ಎರಡು ಪಠ್ಯ ತಳ್ಳಿದ್ದರೆ ಮೊದಲು ತಳ್ಳಿದ್ದರ ವಿಳಾಸ ಬಿಟ್ಟರೆ ಸಾಕು, ಅದರ ಮೇಲಿನದೆಲ್ಲ ತಾನಾಗಿ ಬಿಡುಗಡೆಯಾಗುತ್ತದೆ. ಪಾನ್ ಕಡೆ ಈ ಫಂಕ್ಷನ್‌ಗೆ ‘ಫಾರ್ವರ್ಡ್’ ಸಾಲು ಬರೆಯದಿದ್ದರೆ ಎಚ್ಚರಿಕೆ 235 ಬರುತ್ತದೆ. ಆ ಸಾಲನ್ನೂ ಇಂಕ್ ಫೈಲಿನಲ್ಲೇ ಇಟ್ಟುಬಿಡಿ.

ಹಾಕುವುದು, ಲಾಗ್ ಓದುವುದು

ಎಸ್ಓ ಫೈಲನ್ನು ‘ಪ್ಲಗಿನ್ಸ್’ ಫೋಲ್ಡರಿಗೆ ಹಾಕುವ ಮೊದಲು ಎರಡು ಪರೀಕ್ಷೆ. ‘ಫೈಲ್’ ಆಜ್ಞೆ 32 ಬಿಟ್, ಇಂಟೆಲ್ 80386 ಎನ್ನಬೇಕು. ‘ಎನ್ಎಂ -ಡಿ’ (ದೊಡ್ಡ ಡಿ) ಹೊರಡಿಸುವ ಪಟ್ಟಿಯಲ್ಲಿ ಬಾಗಿಲುಗಳ ಹೆಸರು ಬರಿದಾಗಿ, ಟಿ ಗುರುತಿನೊಂದಿಗೆ ಕಾಣಬೇಕು. ಆಮೇಲೆ ಎಸ್ಎ-ಎಂಪಿಯಾದರೆ ‘ಸರ್ವರ್’ ಸಿಎಫ್‌ಜಿ ಫೈಲಿನ ‘ಪ್ಲಗಿನ್ಸ್’ ಸಾಲಿಗೆ ಹೆಸರು ಸೇರಿಸಿ. ಲಿನಕ್ಸ್‌ನಲ್ಲಿ ಡಾಟ್ ಎಸ್ಓ ಸಮೇತ, ವಿಂಡೋಸ್‌ನಲ್ಲಿ ಬಾಲವಿಲ್ಲದೆ. ಓಪನ್ ಡಾಟ್ ಎಂಪಿಯಾದರೆ ‘ಕಾನ್ಫಿಗ್’ ಜೆಸನ್ ಫೈಲಿನಲ್ಲಿ ‘ಪಾನ್’ ಭಾಗದ ‘ಲೆಗಸಿ ಪ್ಲಗಿನ್ಸ್’ ಪಟ್ಟಿಗೆ. ಅಲ್ಲಿನ ‘ಕಾಂಪೊನೆಂಟ್ಸ್’ ಫೋಲ್ಡರ್ ಹೊಸ ರೀತಿಯವಕ್ಕೆ, ಇದನ್ನು ಅಲ್ಲಿ ಹಾಕಬೇಡಿ.

ಲಾಗಿನ ಮಾತಿನ ಅರ್ಥ ಹೀಗೆ. ‘ರಾಂಗ್ ಇಎಲ್ಎಫ್ ಕ್ಲಾಸ್’ ಎಂದರೆ -ಎಂ32 ಮರೆತಿದ್ದೀರಿ. ‘ಜಿಲಿಬ್‌ಸಿ’ಯ ಇಂಥ ಆವೃತ್ತಿ ಸಿಗಲಿಲ್ಲ ಎಂದರೆ ಹೊಸ ಉಬುಂಟುವಿನಲ್ಲಿ ಕಟ್ಟಿ ಹಳೆಯ ಸರ್ವರ್ ಯಂತ್ರಕ್ಕೆ ಒಯ್ದಿದ್ದೀರಿ, ಹಳೆಯ ಡೆಬಿಯನ್‌ನ ಡಾಕರ್ ಕಂಟೇನರ್ ಒಳಗೆ ಕಟ್ಟಿದರೆ ಎರಡೂ ಕಡೆ ಓಡುತ್ತದೆ. ‘ಆರ್ಕಿಟೆಕ್ಚರ್‌ಗೆ ಹೊಂದುವುದಿಲ್ಲ’ ಎಂಬ ಅರ್ಥದ ಸಾಲು ಬಂದರೆ ಸಪೋರ್ಟ್ಸ್ ಅಥವಾ ಲೋಡ್ ಹೆಸರು ಹೊರಗೆ ಕಾಣುತ್ತಿಲ್ಲ, ವಿಂಡೋಸ್‌ನಲ್ಲಿ ಹೆಚ್ಚಾಗಿ ಡೆಫ್ ಫೈಲು ಬಿಟ್ಟುಹೋಗಿದೆ. ‘ರನ್ ಟೈಮ್ ಎರರ್ 19’ ಬಂದರೆ ಸ್ಕ್ರಿಪ್ಟ್ ಕೇಳಿದ ನೇಟಿವ್ ಯಾರೂ ಕೊಟ್ಟಿಲ್ಲ. ಆಗ ಸ್ಕ್ರಿಪ್ಟನ್ನು ತಿದ್ದಲು ಹೋಗದೆ ಲಾಗಿನಲ್ಲಿ ಮೇಲಕ್ಕೆ ಹೋಗಿ ಪ್ಲಗಿನ್ ಎದ್ದಿತ್ತೇ ನೋಡಿ. ಎದ್ದಿದ್ದರೆ ಇಂಕ್ ಫೈಲಿನ ಹೆಸರನ್ನೂ ನೋಂದಣಿ ಪಟ್ಟಿಯ ಹೆಸರನ್ನೂ ಅಕ್ಷರ ಅಕ್ಷರ ಹೋಲಿಸಿ.

ಏನೂ ಹೇಳದೆ ಸರ್ವರ್ ಬಿದ್ದರೆ ‘ಯುಲಿಮಿಟ್ -ಸಿ ಅನ್‌ಲಿಮಿಟೆಡ್’ ಹಾಕಿ ಮತ್ತೆ ಬೀಳಿಸಿ, ಕೋರ್ ಫೈಲನ್ನು ಜಿಡಿಬಿಯಲ್ಲಿ ತೆರೆದು ‘ಬಿಟಿ’ ಹೊಡೆಯಿರಿ. ‘-ಜಿ’ ಹಾಕಿ ಕಟ್ಟಿದ್ದರೆ ನಿಮ್ಮ ಫೈಲಿನ ಸಾಲಿನ ನಂಬರೇ ಸಿಗುತ್ತದೆ. ಪಾನ್ ಕಡೆಯ ದಾರಿಯೂ ಬೇಕಿದ್ದರೆ ‘ಕ್ರ್ಯಾಶ್‌ಡಿಟೆಕ್ಟ್’ ಪ್ಲಗಿನ್ ಹಾಕಿ, ಸ್ಕ್ರಿಪ್ಟನ್ನು ‘-ಡಿ3’ ಸೂಚನೆಯೊಂದಿಗೆ ಕಂಪೈಲ್ ಮಾಡಿ.

ಆಟ ನಿಲ್ಲಿಸುವಾಗ ಮಾತ್ರ ಬೀಳುತ್ತಿದ್ದರೆ ಅನುಮಾನ ಥ್ರೆಡ್ ಮೇಲೆ. ‘ಅನ್‌ಲೋಡ್’ ಮುಗಿದೊಡನೆ ಸರ್ವರ್ ನಿಮ್ಮ ಕೋಡನ್ನು ಮೆಮೊರಿಯಿಂದ ಕಿತ್ತುಹಾಕುತ್ತದೆ, ಇನ್ನೂ ಓಡುತ್ತಿದ್ದ ಥ್ರೆಡ್‌ನ ಕಾಲಡಿ ನೆಲವಿರುವುದಿಲ್ಲ. ನಿಲ್ಲು ಎಂಬ ಗುರುತು ಹಾಕಿ, ಕಂಡಿಷನ್ ವೇರಿಯೇಬಲ್‌ಗೆ ಸಿಗ್ನಲ್ ಕೊಟ್ಟು, ‘ಪಿಥ್ರೆಡ್ ಜಾಯಿನ್’ ಮುಗಿದ ಮೇಲೆಯೇ ಅನ್‌ಲೋಡ್‌ನಿಂದ ಹೊರಬನ್ನಿ. ಸಿಗ್ನಲ್ ಮರೆತರೆ ಥ್ರೆಡ್ ಮಲಗಿಯೇ ಇರುತ್ತದೆ, ಸರ್ವರ್ ನಿಲ್ಲುವುದೇ ಇಲ್ಲ.

ಹೊಸ ಪ್ರತಿ ಹಾಕುವಾಗ ಒಂದು ಜಾಗ್ರತೆ. ‘ಜಿಎಂಎಕ್ಸ್’ ಆಜ್ಞೆ ಗೇಮ್‌ಮೋಡನ್ನು ಮತ್ತೆ ಶುರುಮಾಡುತ್ತದೆ, ಪ್ಲಗಿನ್ ಹಳೆಯದೇ ಇರುತ್ತದೆ. ಸರ್ವರನ್ನೇ ನಿಲ್ಲಿಸಿ ಎಬ್ಬಿಸಬೇಕು. ಓಡುತ್ತಿರುವ ಸರ್ವರ್‌ನ ಎಸ್ಓ ಮೇಲೆ ‘ಸಿಪಿ’ ಮಾಡಿದರೆ ಅದೇ ಫೈಲಿನೊಳಗಿನ ಬೈಟ್‌ಗಳು ಬದಲಾಗಿ, ಓಡುತ್ತಿರುವ ಕೋಡ್ ಅರ್ಧದಲ್ಲಿ ಬೇರೆಯಾಗಿ, ಸರ್ವರ್ ಆ ಕ್ಷಣವೇ ಬೀಳುತ್ತದೆ. ಹೊಸದನ್ನು ಅದೇ ಫೋಲ್ಡರಿಗೆ ಬೇರೆ ಹೆಸರಿನಲ್ಲಿ ತಂದು ‘ಎಂವಿ’ಯಿಂದ ಹಳೆಯ ಹೆಸರಿಗೆ ಸರಿಸಿ. ಸರ್ವರ್ ಹಳೆಯ ಫೈಲನ್ನೇ ಹಿಡಿದುಕೊಂಡು ಆಟ ಮುಗಿಸುತ್ತದೆ, ಮುಂದಿನ ಸಲ ಎದ್ದಾಗ ಹೊಸದನ್ನು ತೆರೆಯುತ್ತದೆ.